ಕತ್ತಲಲ್ಲಿ ಕಂಡದ್ದು

ಪರದೇಶ ಪ್ರವಾಸವೆಂಬುದು ನಮ್ಮ ಮನೆಯಲ್ಲಿ ಇಪ್ಪತ್ತೆಂಟು ವರ್ಷದ ಹಳೆಯ ಸಾಲ. ಮದುವೆಯಾದ ಹೊಸತರಲ್ಲಿ, ಯಾವುದೋ ಸಂತೋಷದ ಗಳಿಗೆಯಲ್ಲಿ, ನಾನು ಕೊಟ್ಟ ಮಾತು ಅದು. ತೀರಿಸಿದ್ದು ಕಳೆದ ವರ್ಷದ ಏಪ್ರಿಲ್ ತಿಂಗಳಲ್ಲಿ. ನನ್ನಾಕೆ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರದ ಉಪಾಧ್ಯಾಯಿನಿ. ಅವಳಿಗೆ ಬೇಸಗೆಯ ರಜೆ ಬಂದಿತ್ತು, ಮಕ್ಕಳ ವಿದ್ಯಾಭ್ಯಾಸ ಮುಗಿದಿತ್ತು, ನನ್ನ ಮೊಣಕಾಲು ಇನ್ನೂ ನಡೆಯಲು ಒಪ್ಪುತ್ತಿತ್ತು. ನಾನು ಯೂರೋಪಿನ ಮಾತೆತ್ತಿದೆ. ಅವಳು ಹೇಳಿದಳು: "ಯೂರೋಪು ನಿಮಗಿರಲಿ. ನನಗೆ ಕಡಲಾಮೆ ಮೊಟ್ಟೆಯಿಡುವುದನ್ನು ನೋಡಬೇಕು. ಇಷ್ಟು ವರ್ಷ ಕರಿಹಲಗೆಯ ಮೇಲೆ ಬರೆದು ತೋರಿಸಿದ್ದೇ ಆಯಿತು."

"ಅದಕ್ಕೆ ಹೊರದೇಶವೇಕೆ? ನಮ್ಮ ಹೊನ್ನಾವರದ ಕಡೆಗೂ ಆಮೆ ಬರುತ್ತವಲ್ಲ?" ಎಂದೆ.

"ಅಲ್ಲಿಗೆ ಯಾವಾಗ ಬೇಕಾದರೂ ಹೋಗಬಹುದು ಎನ್ನುತ್ತಲೇ ನೀವು ಎಂದೂ ಕರೆದೊಯ್ಯಲಿಲ್ಲ."

ಇದಕ್ಕೆ ಉತ್ತರವಿರಲಿಲ್ಲ. ಹೀಗೆ ನಾವು ಸಿಂಹಳಕ್ಕೆ ಹೊರಟೆವು. ಪ್ರಪಂಚದಲ್ಲಿರುವ ಏಳು ಜಾತಿಯ ಕಡಲಾಮೆಗಳಲ್ಲಿ ಐದು ಜಾತಿಯವು ಆ ದ್ವೀಪದ ಮರಳಿಗೆ ಬಂದು ಮೊಟ್ಟೆಯಿಡುತ್ತವೆ.

ಬೆಂಗಳೂರಿನಿಂದ ಕೊಲಂಬೊ ವಿಮಾನದಲ್ಲಿ ಎರಡು ಗಂಟೆಯ ಹಾದಿಯೂ ಅಲ್ಲ. ಇಷ್ಟು ಹತ್ತಿರದ ನಾಡನ್ನು ಪರದೇಶವೆಂದು ಕರೆಯಲು ಮೊದಮೊದಲು ನಾಲಗೆ ಬಾರದು. ಗಾಲೆಯಲ್ಲಿ ನಾವು ಇಳಿದುಕೊಂಡಿದ್ದ ಮನೆಯ ಹುಡುಗಿ ನನ್ನಾಕೆಯನ್ನು "ಅಕ್ಕಾ" ಎಂದು ಕರೆದಳು. ಕನ್ನಡ ಬಲ್ಲವಳೋ ಎಂದು ನಾನು ಹಿಗ್ಗಿದೆ. ಸಿಂಹಳದಲ್ಲಿಯೂ ಅಕ್ಕ ಅಕ್ಕನೇ, ಅಮ್ಮ ಅಮ್ಮನೇ. ಬೆಳಗಿನ ಊಟಕ್ಕೆ ಆಕೆ ಎಮ್ಮೆಯ ಗಟ್ಟಿ ಮೊಸರಿನ ಮೇಲೆ ಕಪ್ಪನೆಯ ಬೆಲ್ಲದ ಪಾಕ ಸುರಿದು ತಂದಿಟ್ಟಳು. ಯಾವ ಮರದ್ದೆಂದು ವಿಚಾರಿಸಿದರೆ ಅದು ನಮ್ಮ ಮಲೆನಾಡಿನ ಬೈನೆ! ಅವರು ಅದನ್ನು ಕಿತುಲ್ ಎನ್ನುತ್ತಾರೆ. ನಾವು ಅದರ ಹೆಂಡ ಕುಡಿದು ಬಿಟ್ಟೆವು, ಅವರು ಪಾಕ ಮಾಡಿ ಜಗತ್ತಿಗೆ ಉಣಿಸಿದರು ಎಂದು ನಾನೊಂದು ವಿನೋದ ಹಾರಿಸಿದೆ. ನನ್ನಾಕೆ ಮೊಸರಿನಿಂದ ತಲೆಯೆತ್ತಲಿಲ್ಲ.

ಇಲ್ಲಿ ನನ್ನ ಒಂದು ದೌರ್ಬಲ್ಯವನ್ನು ಓದುಗರಿಗೆ ಮೊದಲೇ ಹೇಳಿಬಿಡಬೇಕು. ನಾನು ನೋಡುವುದರಲ್ಲಿ ಆತುರಗಾರ. ಯಾವ ಊರಿಗೆ ಹೋದರೂ ಕಾಣಬೇಕಾದುವುಗಳ ಪಟ್ಟಿಯೊಂದು ಜೇಬಿನಲ್ಲಿರುತ್ತದೆ. ಒಂದೊಂದನ್ನೇ ಕಂಡು ಗೀಟು ಹಾಕಿದರೆ ನನಗೆ ಊಟ ಮಾಡಿದಷ್ಟು ತೃಪ್ತಿ. ಈ ಸಲದ ಪಟ್ಟಿಯಲ್ಲಿ ತಿಮಿಂಗಿಲ, ಚಿರತೆ, ಆನೆ, ಮೊಸಳೆ, ಕೊನೆಯಲ್ಲಿ ಆಮೆ.

ಆದರೆ ಆಮೆಯೇ ಮೊದಲು ಸಿಕ್ಕಿತು. ಕೊಲಂಬೊದಿಂದ ಗಾಲೆಗೆ ಬರುವ ಕಡಲ ರಸ್ತೆಯಲ್ಲಿ, ಆಮೆಯ ಮೊಟ್ಟೆಗಳನ್ನು ಕಾಪಿಟ್ಟು ಮರಿಮಾಡಿಸುವ ಕೇಂದ್ರಗಳ ಫಲಕಗಳು ಹಲವಿವೆ. ಅಂತಹ ಒಂದರ ಮುಂದೆ ಕಾರು ನಿಲ್ಲಿಸಿದೆವು. ಹಣ ಕೊಟ್ಟರೆ ತೊಟ್ಟಿಯೊಳಗಿನ ಮರಿಯೊಂದನ್ನು ಕೈಗೆ ಕೊಡುತ್ತಾರೆ. ನನ್ನಾಕೆಯ ಅಂಗೈಯಲ್ಲಿ ಅದು ನಾಲ್ಕು ಕಾಲನ್ನೂ ಬಡಿಯುತ್ತ, ನೀರಿಲ್ಲದ ಕಡೆಯೂ ಈಜುತ್ತಿತ್ತು. ನಾನು ಚಿತ್ರ ತೆಗೆದೆ. ಚಿತ್ರದಲ್ಲಿ ಅವಳ ಮುಖ ಹತ್ತು ವರ್ಷದ ಹುಡುಗಿಯದು.

ಕಾರಿಗೆ ಬಂದ ಮೇಲೆ ಮಾತಿಲ್ಲ. ಬಹಳ ಹೊತ್ತಾದ ಬಳಿಕ ತಾನೇ ಹೇಳಿದಳು. ಮೊಟ್ಟೆಯಿಂದ ಹೊರಬಂದ ಮರಿಗೆ ಒಡಲಲ್ಲಿ ಉಳಿದ ಲೋಳೆಯೇ ಬುತ್ತಿ. ಆ ಬುತ್ತಿಯ ಬಲದಿಂದ ಅದು ಮೊದಲ ಒಂದು ದಿನವೆಲ್ಲ ಎಡೆಬಿಡದೆ ಈಜಿ, ದಡದ ಬಳಿ ಕಾದಿರುವ ಮೀನು ಹಕ್ಕಿಗಳಿಂದ ಪಾರಾಗಿ, ಆಳದ ನೀರನ್ನು ಸೇರಬೇಕು. ತೊಟ್ಟಿಯಲ್ಲಿಟ್ಟರೆ ಆ ಈಜೆಲ್ಲ ಗೋಡೆಗೆ ವ್ಯರ್ಥ. "ಪಾಠ ಮಾಡುವಾಗ ಇದನ್ನು ಪ್ರತಿವರ್ಷ ಹೇಳುತ್ತೇನೆ. ಕೈಗೆ ಕೊಟ್ಟಾಗ ಮರೆತುಬಿಟ್ಟೆ ನೋಡಿ" ಎಂದಳು. ಆ ಕೇಂದ್ರಗಳಿಂದ ಏನೂ ಪ್ರಯೋಜನವಿಲ್ಲವೆಂದು ಹೇಳಲಾರೆ. ಬೇರೆಯವರ ಅಡುಗೆಮನೆಗೆ ಹೋಗಬಹುದಾದ ಮೊಟ್ಟೆಗಳನ್ನು ಅವರು ಹಣ ಕೊಟ್ಟು ಕೊಳ್ಳುವುದೂ ಉಂಟು. ಆದರೂ ಅವಳ ಸಂಕಟ ಅವಳದು.

ಮಿರಿಸ್ಸದ ತಿಮಿಂಗಿಲದ ಕಥೆ ಚಿಕ್ಕದು, ಏಕೆಂದರೆ ಆ ಮೂರು ಗಂಟೆಗಳಲ್ಲಿ ಎರಡನ್ನು ನಾನು ದೋಣಿಯ ಅಂಚಿಗೆ ಒರಗಿ, ತಿಂದದ್ದನ್ನು ಕಡಲಿಗೆ ಒಪ್ಪಿಸುತ್ತ ಕಳೆದೆ. ಅಲ್ಲಿ ಆಳಸಮುದ್ರ ದಡಕ್ಕೆ ಬಲು ಸಮೀಪ. ಅದಕ್ಕೇ ಭೂಮಿಯ ಮೇಲಿನ ಅತಿ ದೊಡ್ಡ ಪ್ರಾಣಿಯಾದ ನೀಲಿ ತಿಮಿಂಗಿಲ ಬೆಳಗಿನ ತಿಂಡಿಗೆ ಮುಂಚೆ ಹೋಗಿ ನೋಡಿಬರುವಷ್ಟು ಹತ್ತಿರ ಸುಳಿಯುತ್ತದೆ. ದ್ವೀಪದ ದಕ್ಷಿಣ ತುದಿಯಾದ ದೊಂದ್ರದ ಆಚೆ ಹಡಗುಗಳ ಹೆದ್ದಾರಿಯೂ ಅದೇ ನೀರಿನಲ್ಲಿದೆ; ಹಡಗಿಗೆ ಸಿಕ್ಕಿ ಸತ್ತ ತಿಮಿಂಗಿಲಗಳು ಹಲವು. ನಾವು ಕಂಡದ್ದು ಒಂದು ಉಸಿರಿನ ಕಾರಂಜಿ, ಬಂಡೆಯೊಂದು ಜಾರಿದಂತೆ ಉದ್ದನೆಯ ಬೆನ್ನು. ಐದಾರು ದೋಣಿಗಳು ಒಟ್ಟಿಗೆ ಅತ್ತ ಧಾವಿಸಿದವು. ಅದು ಮುಳುಗಿತು. ನಾನು ಗೀಟು ಹಾಕಿದೆ.

ಅಲ್ಲಿಂದ ಪೂರ್ವಕ್ಕೆ, ಒಣ ಕುರುಚಲಿನ ನಾಡು, ಯಾಲ ಅಭಯಾರಣ್ಯ. ಹುಲಿಯಿಲ್ಲದ ಆ ದ್ವೀಪದಲ್ಲಿ ಚಿರತೆಯೇ ಮೃಗರಾಜ. ಕಾಡು ಸೀದಾ ಕಡಲಿಗೆ ಬಂದು ಮುಗಿಯುವುದು ಅಲ್ಲಿನ ವಿಶೇಷ: ಒಂದು ಕಡೆ ಬಂಡೆಯ ಬಳಿ ಆನೆ, ಇನ್ನೊಂದು ಕಡೆ ನೊರೆ. ಬೆಳಗಿನ ಜಾವ ಹೊರಟ ನಮ್ಮ ಜೀಪು ಉಡ, ನವಿಲು, ಬಣ್ಣದ ಕೊಕ್ಕರೆಗಳನ್ನು ಹಾದು ಹೋಗುತ್ತಿರಲು ಚಾಲಕನ ಮೊಬೈಲು ಮೊಳಗಿತು. "ಕೊಟಿಯಾ!" ಎಂದವನೇ ಜೀಪನ್ನು ಹಾರಿಸಿದ. ಕೊಟಿಯಾ ಎಂದರೆ ಚಿರತೆ. ನಾವು ಮುಟ್ಟುವ ಹೊತ್ತಿಗೆ ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಜೀಪುಗಳು ಒಂದರ ಬಾಲಕ್ಕೊಂದು ಮೂತಿಯಿಟ್ಟು ನಿಂತಿದ್ದವು. ಸಂತೆಯ ದಿನ ನಮ್ಮೂರ ಬಸ್ ನಿಲ್ದಾಣವೂ ಅಷ್ಟು ಗೋಜಲಾಗಿರದು. ಮರದ ಕೊಂಬೆಯಿಂದ ಒಂದು ಬಾಲ ಇಳಿಬಿದ್ದಿತ್ತು. ಆ ಗೋಜಲಿನ ಹಿಂದೆ, ಮರಿಯೊಡನೆ ದಾರಿ ದಾಟಬೇಕಾಗಿದ್ದ ಆನೆಯೊಂದು ಕಿವಿ ಬಡಿಯುತ್ತ ನಿಂತಿದ್ದುದನ್ನು ನನ್ನಾಕೆ ನೋಡಿದಳು, ನಾನು ನೋಡಲಿಲ್ಲ.

"ಹಿಂದಕ್ಕೆ ತಿರುಗಿಸಲು ಹೇಳಿ" ಎಂದಳು.

"ಇನ್ನೂ ಚಿರತೆಯ ಮುಖವೇ ಕಂಡಿಲ್ಲವಲ್ಲೇ!"

"ಬೇಡ ರೀ. ಆ ತಾಯಿಗೆ ದಾರಿ ಬೇಕು."

ತಿರುಗಿಸಿದೆವು. ನಾನು ಸಿಟ್ಟಿನಿಂದ ಮುಖ ಬಿಗಿದುಕೊಂಡು ಕುಳಿತೆ. ಚಾಲಕ ನಮ್ಮನ್ನು ಸಮಾಧಾನಪಡಿಸಲೆಂಬಂತೆ ಪಟನಂಗಲದ ಕಡಲತೀರಕ್ಕೆ ಕರೆದೊಯ್ದು ನಿಲ್ಲಿಸಿದ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಅಲ್ಲಿ ಮಡಿದ ಪ್ರವಾಸಿಗರ ನೆನಪಿಗೆ ಒಂದು ಸ್ಮಾರಕವಿದೆ. ಪ್ರಾಣಿಗಳು ಮೊದಲೇ ತಿಳಿದು ಓಡಿಹೋದವೆಂಬ ಕಥೆ ಆಗ ಲೋಕವೆಲ್ಲ ಹಬ್ಬಿತ್ತು. ಕೊರಳಿಗೆ ಉಪಗ್ರಹದ ಪಟ್ಟಿ ಕಟ್ಟಿದ್ದ ಆನೆಗಳ ಆ ದಿನದ ಚಲನವಲನವನ್ನು ಶಾಸ್ತ್ರಜ್ಞರು ಪರೀಕ್ಷಿಸಿದಾಗ ಅಂತಹ ಪಲಾಯನವೇನೂ ಕಾಣಲಿಲ್ಲ. ಮರಳಿನ ಎತ್ತರದ ದಿಬ್ಬಗಳು ಅಖಂಡವಾಗಿದ್ದೆಡೆ ನೀರು ಅವುಗಳಾಚೆಯೇ ತಡೆದಿತ್ತು; ಕಡಲ ನೋಟಕ್ಕೆ ಅಡ್ಡವೆಂದು ದಿಬ್ಬ ತೆಗೆದಿದ್ದೆಡೆ ಒಳನುಗ್ಗಿತ್ತು. ಇದನ್ನು ನನಗೆ ಹೇಳಿದವಳೂ ನನ್ನಾಕೆಯೇ. ಹೇಳಿ, ನನ್ನ ಬಿಗಿದ ಮುಖವನ್ನು ನೋಡಿ, ಮುಂದೆ ಏನೂ ಹೇಳಲಿಲ್ಲ.

ಮರುದಿನ ಬಂದ ದಾರಿಯಲ್ಲೇ ಹಿಂತಿರುಗಿ, ತಂಗಲ್ಲೆಯ ಬಳಿಯ ರೆಕವ ಎಂಬಲ್ಲಿಗೆ ಹೋದೆವು. ಅಲ್ಲಿ ತೊಟ್ಟಿಯಿಲ್ಲ, ಗೂಡುಗಳನ್ನು ಅಗೆದು ಸಾಗಿಸುವುದಿಲ್ಲ. ತಾಯಿ ಇಟ್ಟ ಮೊಟ್ಟೆ ಇಟ್ಟಲ್ಲಿಯೇ ಇರಬೇಕು, ಕಾಯುವವರು ರಾತ್ರಿಯೆಲ್ಲ ಕಾಯಬೇಕು. 1996ರಲ್ಲಿ ಈ ಏರ್ಪಾಡು ಮೊದಲಾದಾಗ ಕಾವಲಿಗೆ ನೇಮಿಸಿಕೊಂಡದ್ದು, ಅದುವರೆಗೆ ಮೊಟ್ಟೆ ಕದ್ದು ಮಾರುತ್ತಿದ್ದವರನ್ನೇ. ಗೂಡು ಎಲ್ಲಿದೆಯೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಇನ್ನಾರು?

ರಾತ್ರಿ ಎಂಟಕ್ಕೆ ಹತ್ತು ಹನ್ನೆರಡು ಮಂದಿ ಪ್ರವಾಸಿಗರು ತೆಂಗಿನ ಮರಗಳ ಕೆಳಗೆ ಸೇರಿದೆವು. ನಿಯಮ ಒಂದೇ: ಬೆಳಕು ಕೂಡದು. ಮೊಟ್ಟೆಯಿಡಲು ದಡವೇರುವ ಆಮೆ ಬೆಳಕು ಕಂಡರೆ ಬೆದರುತ್ತದೆ. ಮರಿಗಳೋ ಬೆಳಕಿದ್ದ ಕಡೆಯೇ ಕಡಲೆಂದು ಭ್ರಮಿಸಿ ದಾರಿ ತಪ್ಪುತ್ತವೆ. ಕಾವಲಿನವನ ಕೈಯಲ್ಲಿ ಮಾತ್ರ ಮಂದವಾದ ಕೆಂಪು ದೀಪ. ಅವನಿಗೆ ನನ್ನ ಪ್ರಾಯವೇ. ಮುರುಕು ಇಂಗ್ಲಿಷಿನಲ್ಲಿ ನಮ್ಮೊಡನೆ ಪಿಸುಗುಟ್ಟುತ್ತಿದ್ದ.

ಅಮಾವಾಸ್ಯೆಗೆ ಸಮೀಪದ ರಾತ್ರಿ. ಕಡಲು ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಒಂದು ಗಂಟೆ ಕುಳಿತೆವು, ಎರಡು ಗಂಟೆ ಕುಳಿತೆವು. ನನ್ನಾಕೆ ಮೊಣಕಾಲನ್ನು ತಬ್ಬಿಕೊಂಡು, ಪೂಜೆಗೆ ಕುಳಿತವಳಂತೆ ಅಲುಗಾಡದಿದ್ದಳು. ನಾನು ಹೊರಳಾಡಿದೆ. ನೊರೆಯ ಅಂಚಿನಲ್ಲಿ ಒಂದು ಕಪ್ಪು ಗುಡ್ಡೆ ಎದ್ದಂತಾಯಿತು. ಬಂಡೆಯೆಂದುಕೊಂಡೆ. ಗಂಟೆ ಎಷ್ಟಾಯಿತೋ ಎಂಬ ಒಂದೇ ಯೋಚನೆ ನನ್ನದು. ಕೈ ತನ್ನಷ್ಟಕ್ಕೆ ಜೇಬಿಗೆ ಹೋಯಿತು. ಮೊಬೈಲಿನ ಬಿಳಿಯ ಬೆಳಕು ಒಂದು ಕ್ಷಣ ನನ್ನ ಮುಖದ ಮೇಲೂ ಮರಳಿನ ಮೇಲೂ ಚೆಲ್ಲಿತು.

ಬಂಡೆ ನಿಂತಿತು. ನಿಂತು, ನಿಧಾನವಾಗಿ ತಿರುಗಿತು. ಮರಳ ಮೇಲೆ ಭಾರವಾದದ್ದೇನೋ ಎಳೆದ ಸದ್ದು, ಆಮೇಲೆ ಅಲೆಯ ಸದ್ದು.

"ಯಾರದು ಬೆಳಕು?" ಎಂದ ಕಾವಲಿನವನು. ಯಾರೂ ಮಾತಾಡಲಿಲ್ಲ. ಕತ್ತಲು ನನ್ನನ್ನು ಚೆನ್ನಾಗಿಯೇ ಮುಚ್ಚಿತ್ತು. ಪಕ್ಕದ ವಿದೇಶೀ ತರುಣನೊಬ್ಬನ ಕಡೆಗೆ ಎಲ್ಲರೂ ತಿರುಗಿದಂತೆ ಭಾಸವಾಯಿತು. ಅವನು ತಾನಲ್ಲವೆಂದು ತೊದಲಿದ. ನನ್ನಾಕೆ ನನ್ನ ಕಡೆ ನೋಡಲಿಲ್ಲ. ಕೇವಲ, "ಹೇಳಿ" ಎಂದಳು, ಕನ್ನಡದಲ್ಲಿ, ಕಿವಿಗೆ ಮಾತ್ರ ಕೇಳುವಂತೆ. ಇಪ್ಪತ್ತೆಂಟು ವರ್ಷದಲ್ಲಿ ಅವಳು ನನ್ನ ಸಲುವಾಗಿ ನಾಚಿದ್ದು ನನಗೆ ತಿಳಿದಂತೆ ಅದೇ ಮೊದಲು. ಎದ್ದು ನಿಂತು, ಬೆಳಕು ನನ್ನದೆಂದು ಹೇಳಿದೆ.

ಕಾವಲಿನವನು ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತ. ಬೈಯುವನೆಂದು ಕಾದೆ. "ನನ್ನ ತಂದೆ ಮೊಟ್ಟೆ ತೆಗೆಯುತ್ತಿದ್ದ. ನಾನೂ ತೆಗೆಯುತ್ತಿದ್ದೆ, ಕೋಲಿನಿಂದ ಚುಚ್ಚಿ ನೋಡಿ" ಎಂದ. "ಎಷ್ಟು ಗೂಡು ಬರಿದು ಮಾಡಿದೆನೋ ಲೆಕ್ಕವಿಲ್ಲ, ಮಹತ್ತಯಾ. ನೀವು ಒಂದು ದೀಪ ಹಚ್ಚಿದಿರಿ. ಅವಳು ಬರುತ್ತಾಳೆ. ಇಂದಲ್ಲದಿದ್ದರೆ ನಾಳೆ. ಹೊಟ್ಟೆಯಲ್ಲಿದ್ದುದನ್ನು ಇಳಿಸಲೇಬೇಕಲ್ಲ?" ನಾನು ಮೊಬೈಲನ್ನು ಅವನ ಕೈಗೆ ಕೊಟ್ಟುಬಿಟ್ಟೆ. ಅವನು ನಗುತ್ತ ಅದನ್ನು ಅಂಗಿಯೊಳಕ್ಕೆ ಸೇರಿಸಿದ.

ಹಲವರು ಬೇಸತ್ತು ಎದ್ದುಹೋದರು. ಉಳಿದವರು ಆರು ಜನ. ಇರುಳು ಎಷ್ಟು ಸರಿಯಿತೋ, ಕಾವಲಿನವನು ಮರಳಮೇಲೆ ಅಂಗೈಯಿಂದ ಎರಡು ಸಲ ತಟ್ಟಿದ. ಹೊರಟೆವು, ಬಗ್ಗಿಕೊಂಡು, ಒಬ್ಬರ ಹಿಂದೊಬ್ಬರು. ಮೊಟ್ಟೆಯಿಡಲು ತೊಡಗಿದ ಮೇಲೆ ಆಮೆ ಸುಲಭವಾಗಿ ಬೆದರದು. ಆಗ ಮಾತ್ರ ಹಿಂದಿನಿಂದ ಬಳಿಗೆ ಬಿಡುತ್ತಾರೆ. ಮೊದಲು ಬಂದವಳೇ ಇವಳೋ, ಬೇರೊಬ್ಬಳೋ? ಕೇಳುವ ಧೈರ್ಯವಾಗಲಿಲ್ಲ.

ಹಸಿರು ಕಡಲಾಮೆ. ಎರಡು ಮೊಳಕ್ಕೆ ಕೊಂಚ ಹೆಚ್ಚು ಉದ್ದದ ಚಿಪ್ಪು. ಹಿಂಗಾಲುಗಳಿಂದಲೇ, ತಿರುಗಿ ನೋಡದೆ, ಹೂಜಿಯ ಆಕಾರದ ಗುಣಿ ತೋಡಿದ್ದಳು. ಕೆಂಪು ಬೆಳಕಿನಲ್ಲಿ ಮೊಟ್ಟೆಗಳು ಎರಡು ಮೂರಾಗಿ ಸದ್ದಿಲ್ಲದೆ ಬಿದ್ದವು. ಒಂದು ಗೂಡಿನಲ್ಲಿ ನೂರಕ್ಕೂ ಮಿಕ್ಕಿ ಇರುತ್ತವೆ. ಸುಮಾರು ಎರಡು ತಿಂಗಳು ಆ ಮರಳಿನ ಬಿಸಿಯೇ ಅವಕ್ಕೆ ತಾಯಿ; ಬಿಸಿ ಹೆಚ್ಚಿದರೆ ಹೆಣ್ಣು, ಕಡಿಮೆಯಾದರೆ ಗಂಡು. ಅವಳ ಕಣ್ಣಿನಿಂದ ಲೋಳೆಯಂತಹ ನೀರು ಇಳಿಯುತ್ತಿತ್ತು. ಅದು ಅಳುವಲ್ಲ, ಮೈಯೊಳಗಿನ ಉಪ್ಪನ್ನು ಹೊರಹಾಕುವ ಗ್ರಂಥಿಯ ಕೆಲಸ. ಇದನ್ನು ನನ್ನಾಕೆ ಮಕ್ಕಳಿಗೆ ಎಷ್ಟು ಸಲ ಹೇಳಿದ್ದಾಳೋ! ಈಗ ಮಾತ್ರ ಸೆರಗಿನಿಂದ ತನ್ನ ಕಣ್ಣನ್ನೇ ಒರೆಸಿಕೊಂಡಳು.

ಮುಚ್ಚುವ ಕೆಲಸ ತೋಡುವುದಕ್ಕಿಂತ ದೀರ್ಘ. ಹುಟ್ಟಿನಂತಹ ಮುಂಗಾಲುಗಳಿಂದ ಅವಳು ಮರಳನ್ನು ಬೀಸಿ ಬೀಸಿ ಎರಚಿದಳು. ಒಂದು ಬೊಗಸೆ ಸೀದಾ ನನ್ನ ಮುಖಕ್ಕೆ ಬಂತು. ನಾನು ಒರೆಸಿಕೊಳ್ಳಲಿಲ್ಲ. ಆಮೇಲೆ ನಾಲ್ಕು ಹೆಜ್ಜೆಗೊಮ್ಮೆ ನಿಟ್ಟುಸಿರಿಟ್ಟು ನಿಲ್ಲುತ್ತ, ನೀರಿನವರೆಗೆ ತನ್ನ ಭಾರವನ್ನು ತಾನೇ ಎಳೆದುಕೊಂಡು ಹೋದಳು. ಮೊದಲ ಅಲೆ ಬೆನ್ನನ್ನು ತೋಯಿಸಿತು, ಎರಡನೆಯದು ಎತ್ತಿಕೊಂಡಿತು. ಕಾವಲಿನವನು ತೆಂಗಿನ ಗರಿಯೊಂದನ್ನು ಎಳೆಯುತ್ತ ಬಂದು ಅವಳ ಜಾಡನ್ನು ಅಳಿಸಿದ. ಕಳ್ಳರು ಇಂದಿಗೂ ಉಂಟು.

ಹಿಂದಿರುಗುವಾಗ ಕತ್ತಲಲ್ಲಿ ನನ್ನಾಕೆ ನನ್ನ ಹೆಗಲ ಮೇಲೆ ಕೈಯಿಟ್ಟುಕೊಂಡು ನಡೆಯುತ್ತಿದ್ದಳು.

"ಗಂಟೆ ಎಷ್ಟಾಗಿರಬಹುದು?" ಎಂದಳು.

"ತಿಳಿಯದು" ಎಂದೆ.