ಕೋರ್ಸಿಗೆ ಅಡ್ವಾನ್ಸ್ ಕಟ್ಟಿ ಮನಸ್ಸು ಬದಲಾಯ್ತಾ? ದುಡ್ಡು ವಾಪಸ್ ಕೇಳೋದು ಹೀಗೆ

ಅಮೃತಾಪುರ (ತರೀಕೆರೆ): ಪಿಯುಸಿ ರಿಸಲ್ಟ್ ಬರುವ ಮೊದಲೇ ಕೋಚಿಂಗ್ ಸೆಂಟರ್‌ನವರ ಫೋನ್ ಶುರುವಾಗುತ್ತೆ. ‘ಸೀಟು ಕಡಿಮೆ ಇದೆ, ಹತ್ತು ಸಾವಿರ ಕಟ್ಟಿ ಬುಕ್ ಮಾಡ್ಕೊಳ್ಳಿ’ ಅಂತಾರೆ. ಅಡಿಕೆ ಮಾರಿದ ದುಡ್ಡಲ್ಲೋ, ಸಂಘದ ಸಾಲದಲ್ಲೋ ಕಟ್ಟಿಬಿಡ್ತೇವೆ. ತಿಂಗಳಾಗುವಷ್ಟರಲ್ಲಿ ಮಗಳಿಗೆ ಬೇರೆ ಕಡೆ ಸೀಟು ಸಿಗುತ್ತೆ, ಇಲ್ಲಾ ಆ ಕೋರ್ಸೇ ಬೇಡ ಅನ್ನಿಸುತ್ತೆ. ವಾಪಸ್ ಕೇಳಿದರೆ ರಸೀದಿ ತೋರಿಸುತ್ತಾರೆ: ‘ಕಟ್ಟಿದ ಹಣ ಹಿಂತಿರುಗಿಸಲಾಗುವುದಿಲ್ಲ.’

ಬಹಳ ಜನ ಅಲ್ಲಿಗೇ ಕೈ ಬಿಡುತ್ತಾರೆ. ಬಿಡಬೇಕಿಲ್ಲ. ಆದರೆ ಎಷ್ಟು ಬರುತ್ತೆ ಅನ್ನೋದು ಎಲ್ಲಿ ಕಟ್ಟಿದ್ದೀರಿ, ಬೇಡ ಅಂತ ಯಾವತ್ತು ಬರೆದುಕೊಟ್ಟಿರಿ ಅನ್ನೋದರ ಮೇಲಿದೆ.

ಡಿಗ್ರಿ ಕಾಲೇಜು ಆದರೆ

ಇಲ್ಲಿ ಯುಜಿಸಿ ನಿಯಮ ಇದೆ. 2018ರ ಅಧಿಸೂಚನೆ ಪ್ರಕಾರ, ಪ್ರವೇಶದ ಕೊನೇ ದಿನಕ್ಕೆ 15 ದಿನ ಅಥವಾ ಹೆಚ್ಚು ಮುಂಚೆ ಬಿಟ್ಟರೆ ಶುಲ್ಕ ಪೂರ್ತಿ ವಾಪಸ್. ಸಂಸ್ಕರಣಾ ವೆಚ್ಚ ಅಂತ ಶೇ. 5, ಗರಿಷ್ಠ 5,000 ರೂ. ಮಾತ್ರ ಹಿಡಿಯಬಹುದು. ಕೊನೇ ದಿನಕ್ಕೆ 15 ದಿನಕ್ಕಿಂತ ಕಡಿಮೆ ಇದ್ದಾಗ ಬಿಟ್ಟರೆ ಶೇ. 90, ಕೊನೇ ದಿನ ಕಳೆದು 15 ದಿನದೊಳಗೆ ಶೇ. 80, 30 ದಿನದೊಳಗೆ ಶೇ. 50. ಆಮೇಲೆ ಏನೂ ಇಲ್ಲ. ಮೂಲ ಅಂಕಪಟ್ಟಿಯನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ.

2024-25ನೇ ಸಾಲಿಗೆ ಯುಜಿಸಿ ಇನ್ನೂ ಸಡಿಲ ಮಾಡಿತ್ತು: ಸೆಪ್ಟೆಂಬರ್ 30ರೊಳಗೆ ಬಿಟ್ಟವರಿಗೆ ಪೂರ್ತಿ, ಅಕ್ಟೋಬರ್ 31ರೊಳಗೆ ಬಿಟ್ಟವರಿಗೆ ಗರಿಷ್ಠ 1,000 ರೂ. ಕಡಿತ. ಹಾಗಾಗಿ ಆಯಾ ವರ್ಷದ ಸುತ್ತೋಲೆ ನೋಡಿಕೊಳ್ಳಿ. ಕಾಲೇಜು ಕೊಡದಿದ್ದರೆ ಯುಜಿಸಿಯ ‘ಇ-ಸಮಾಧಾನ್’ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಸಿಇಟಿ ಸೀಟು ರದ್ದು ಮಾಡೋದಾದರೆ ಮೊದಲು ಕೆಇಎ ನಿಯಮ ಓದಿ, ಅದರ ಲೆಕ್ಕ ಬೇರೆ.

ಕೋಚಿಂಗ್ ಸೆಂಟರ್ ಆದರೆ

ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಕೊಟ್ಟಿದೆ. ಪೂರ್ತಿ ಫೀಸು ಕಟ್ಟಿ ಮಧ್ಯೆ ಬಿಟ್ಟರೆ, ಉಳಿದ ಅವಧಿಯ ಹಣವನ್ನು 10 ದಿನದೊಳಗೆ ಕೊಡಬೇಕು. 10 ತಿಂಗಳಿಗೆ 60,000 ಕಟ್ಟಿ 2 ತಿಂಗಳಿಗೆ ಬಿಟ್ಟರೆ, ಉಳಿದ 8 ತಿಂಗಳ 48,000 ನಿಮ್ಮದು. ಹಾಸ್ಟೆಲ್, ಊಟದ ಹಣಕ್ಕೂ ಇದೇ ಲೆಕ್ಕ.

ಒಂದು ಮಾತು: ಇದು ಮಾರ್ಗಸೂಚಿ, ಕಾಯ್ದೆ ಅಲ್ಲ. ಹಾಗಂತ ದಾರಿ ಇಲ್ಲ ಅಂತಲ್ಲ. ಕೋಚಿಂಗ್ ಸೆಂಟರ್ ವಿರುದ್ಧದ ದೂರನ್ನು ಗ್ರಾಹಕ ಆಯೋಗ ವಿಚಾರಿಸಬಹುದು ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2020ರಲ್ಲೇ ಹೇಳಿದೆ.

ಏನು ಮಾಡಬೇಕು?

1. ಬೇಡ ಅನ್ನಿಸಿದ ದಿನವೇ ಬರೆದು ಕೊಡಿ. ಫೋನಲ್ಲಿ ಹೇಳಿದ್ದು ಲೆಕ್ಕಕ್ಕೆ ಸಿಗೋದು ಕಷ್ಟ. ಇಮೇಲ್ ಮಾಡಿ, ಇಲ್ಲಾ ಸ್ಪೀಡ್ ಪೋಸ್ಟ್ ಕಳಿಸಿ. ರಸೀದಿ, ವಾಟ್ಸಾಪ್ ಮಾತುಕತೆ, ಜಾಹೀರಾತು ಎಲ್ಲಾ ಎತ್ತಿಡಿ.

2. ಫೀಸು ಸಾಲದ ಕಂತಿನಲ್ಲಿದ್ದರೆ ಸಾಲ ಕೊಟ್ಟ ಕಂಪನಿಗೂ ಬರೆಯಿರಿ. ಕೋರ್ಸ್ ಬಿಟ್ಟ ಮಾತ್ರಕ್ಕೆ ಕಂತು ನಿಲ್ಲೋದಿಲ್ಲ.

3. ಒಪ್ಪದಿದ್ದರೆ 1915ಕ್ಕೆ ಕರೆ ಮಾಡಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ದುಡ್ಡು ಖರ್ಚಿಲ್ಲ.

4. ಅದಕ್ಕೂ ಬಗ್ಗದಿದ್ದರೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗ. ಸೆಂಟರ್ ಬೆಂಗಳೂರಲ್ಲಿದ್ದರೂ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 2 ವರ್ಷದೊಳಗೆ ಕೊಡಬೇಕು. ಕಟ್ಟಿದ ಮೊತ್ತ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ‘ಇ-ಜಾಗೃತಿ’ ಪೋರ್ಟಲ್‌ನಲ್ಲಿ ಮನೆಯಿಂದಲೂ ಹಾಕಬಹುದು.

ಬರೆಯೋದು ಗೊತ್ತಾಗದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಅಲ್ಲಿ ಕಾನೂನು ನೆರವು ಉಚಿತ. ಸಹಾಯವಾಣಿ 15100.

ಕಂಪ್ಯೂಟರ್, ಟೈಲರಿಂಗ್‌ನಂಥ ಸಣ್ಣ ಕ್ಲಾಸುಗಳಲ್ಲಿ ಮಾತ್ರ ಮೊದಲೇ ಆದ ಒಪ್ಪಂದದ ಮೇಲೆ ಬಹಳ ನಿಂತಿರುತ್ತೆ. ಆದ್ದರಿಂದ ದುಡ್ಡು ಎಣಿಸುವ ಮುಂಚೆ ಒಂದು ಪ್ರಶ್ನೆ ಕೇಳಿ: ‘ಬಿಟ್ಟರೆ ಎಷ್ಟು ವಾಪಸ್ ಕೊಡ್ತೀರಿ?’ ಉತ್ತರವನ್ನು ರಸೀದಿ ಮೇಲೆ ಬರೆಸಿಕೊಳ್ಳಿ. ಬರೆದುಕೊಡೋಕೆ ಹಿಂದೆಮುಂದೆ ನೋಡಿದರೆ, ಕಟ್ಟೋಕೆ ನೀವೂ ಹಿಂದೆಮುಂದೆ ನೋಡಿ.