ಅಮ್ಮನ ಮೊಣಕಾಲಿಗೊಂದು ಟೆಸ್ಟ್ ಸರ್ವರ್

ಸಿರುಗುಪ್ಪದ ಗದ್ದೇಲಿ ಮೂವತ್ತು ವರ್ಷ ಬಗ್ಗಿ ಭತ್ತ ನಾಟಿ ಮಾಡಿದ ಅಮ್ಮ, ಈಗ ಕುರುಗೋಡಿನ ದೊಡ್ಡಬಸವೇಶ್ವರನ ಮುಂದೆ ನೆಲಕ್ಕೆ ಕೂತು ನಮಸ್ಕರಿಸಲಾರಳು. ಬಳ್ಳಾರಿಯ ಡಾಕ್ಟರು ಎಕ್ಸ್‌ರೇ ತೋರಿಸಿದ್ರು: ಮೂಳೆಗಳ ನಡುವಿನ ಸಂದು ಕಿರಿದಾಗಿದೆ, ಮೃದ್ವಸ್ಥಿ ಸವೆದಿದೆ. ಅದಕ್ಕೆ ರಕ್ತನಾಳವೇ ಇಲ್ಲ. ತಾನಾಗಿ ವಾಸಿಯಾಗೋದು ಕಷ್ಟ.

'ಮಾತ್ರೆ ಇಲ್ವಾ?' ಅಂದ್ಲು. ನೋವಿಗಿದೆ, ಸವೆತ ನಿಲ್ಲಿಸೋಕಿಲ್ಲ.

ರಾತ್ರಿಯೆಲ್ಲ ಫೋನಲ್ಲಿ ಹುಡುಕಿದೆ. ಬೆಂಗಳೂರಿನ ಐಐಎಸ್‌ಸಿಯ ರಚಿತ್ ಅಗರ್ವಾಲ್ ತಂಡ, ಅಂಗ ಕಸಿಯಾದವರಿಗೆ ಕೊಡುವ ರಾಪಾಮೈಸಿನ್ ಔಷಧಿಯನ್ನು ಮೈಯಲ್ಲಿ ಕರಗುವ ಪಾಲಿಮರ್‌ನ ಸೂಕ್ಷ್ಮ ಕಣಗಳಲ್ಲಿ ತುಂಬಿ, ಮೊದಲು ಲ್ಯಾಬಿನ ಮೃದ್ವಸ್ಥಿ ಕೋಶಗಳ ಮೇಲೆ, ಆಮೇಲೆ ಇಲಿಗಳ ಕೀಲಿನಲ್ಲಿ ಪರೀಕ್ಷಿಸಿದೆ. ಇಲಿಗಳಲ್ಲಿ ಹಾನಿ ತಗ್ಗಿದ್ದು ಕಂಡಿತ್ತು.

ನನಗೆ ಹಿಡಿಸಿದ್ದು ಲ್ಯಾಬಿನ ಕೆಲಸ. ಚಪ್ಪಟೆ ತಟ್ಟೆಯಲ್ಲಿ ಬೆಳೆಸಿದರೆ ಮೃದ್ವಸ್ಥಿ ಕೋಶಗಳು ತಮ್ಮ ಗುಣ ಮರೀತಾವೆ. ಉಂಡೆಯಂತೆ ಒತ್ತಾಗಿ ಬೆಳೆಸಿದರೆ ಕೊಲಾಜನ್ ಕಟ್ತಾವೆ. ನಮ್ಮ ಕೋಡೂ ಹಾಗೇ, ನನ್ನ ಲ್ಯಾಪ್‌ಟಾಪಲ್ಲಿ ಓಡುತ್ತೆ, ಪ್ರೊಡಕ್ಷನ್‌ನಲ್ಲಿ ಬೀಳುತ್ತೆ. ಆದ್ರೆ ಆ ಉಂಡೆ ಯಾವತ್ತೂ ಕೆಸರಲ್ಲಿ ನಿಂತಿಲ್ಲ, ಮೈಭಾರ ಹೊತ್ತಿಲ್ಲ. ಈ ಕಾಯಿಲೆಯಲ್ಲಿ ಕೆಳಗಿನ ಮೂಳೆಯೂ ಬದಲಾಗುತ್ತೆ. ಅದಕ್ಕೇ ಮೂಳೆ, ಮೃದ್ವಸ್ಥಿ ಎರಡನ್ನೂ ಒಟ್ಟಿಗೆ ಬೆಳೆಸಿ, ಮೇಲಿಂದ ಒತ್ತಿ ನೋಡುವ ಮಾದರಿಗಳೂ ಬಂದಿವೆ.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. 'ಇಲಿಗೆ ಆಯ್ತಲ್ಲ, ನನಗ್ಯಾವಾಗ?' ಅಂದ್ಲು. ಉತ್ತರ ಇರಲಿಲ್ಲ. ಫಿಸಿಯೋ ಹೇಳಿಕೊಟ್ಟ ವ್ಯಾಯಾಮಕ್ಕೆ ದಿಂಬು ತಂದು ಮೊಣಕಾಲ ಕೆಳಗಿಟ್ಟೆ.