ನಿಮಗಿದು ಗೊತ್ತೇ? ತೂಕ ಇಳಿಸಿದರೆ ಚಿನ್ನ, ಬೆಣ್ಣೆ ತಿಂದರೆ ತೆರಿಗೆ!

ತೂಕ ಇಳಿಸಿಕೊಂಡರೆ ಯಾರಾದರೂ ಚಿನ್ನ ಕೊಡುತ್ತಾರೆಯೇ? ಕೊಟ್ಟಿದ್ದಾರೆ! 2013ರ ರಂಜಾನ್ ತಿಂಗಳಲ್ಲಿ ದುಬೈ ಆಡಳಿತ ಒಂದು ಸ್ಪರ್ಧೆ ಇಟ್ಟಿತು. ಒಂದು ಕಿಲೋ ಇಳಿದರೆ ಒಂದು ಗ್ರಾಂ ಚಿನ್ನ. ಕನಿಷ್ಠ ಎರಡು ಕಿಲೋ ಇಳಿಯಲೇಬೇಕು. ಮರುವರ್ಷ ಇಡೀ ಮನೆಮಂದಿಯನ್ನೇ ಕರೆದರು. ಅಪ್ಪ, ಅಮ್ಮ, ಮಕ್ಕಳು ಸೇರಿ ಇಳಿಸಿದರೆ ಚಿನ್ನ ಇನ್ನೂ ಜಾಸ್ತಿ!

ನಮ್ಮ ಹಂಪಿಯಲ್ಲಿ ಇದರ ಉಲ್ಟಾ. ವಿಠ್ಠಲ ದೇವಾಲಯದ ಹತ್ತಿರ ಎರಡು ಕಲ್ಲುಕಂಬ, ಅವುಗಳ ಮೇಲೊಂದು ಕಲ್ಲಿನ ತೊಲೆ, ತೊಲೆಯ ಕೆಳಗೆ ಮೂರು ಬಳೆ ನೋಡಿದ್ದೀರಲ್ಲ? ಅದೇ ರಾಜರ ತುಲಾಭಾರದ ಜಾಗ. ಅಲ್ಲಿ ತಕ್ಕಡಿ ಕಟ್ಟಿ, ರಾಜರ ತೂಕಕ್ಕೆ ಸಮನಾಗಿ ಚಿನ್ನ, ರತ್ನ ತೂಗಿ ದಾನ ಮಾಡುತ್ತಿದ್ದರಂತೆ. ದುಬೈಯಲ್ಲಿ ಸಣ್ಣಗಾದಷ್ಟೂ ಲಾಭ. ಹಂಪಿಯಲ್ಲಿ ದೊರೆ ದಪ್ಪಗಾದಷ್ಟೂ ಊರಿಗೆ ಹಬ್ಬ!

ಬಸ್ಕಿ ಹೊಡೆದರೆ ಟಿಕೆಟ್ ಸಿಕ್ಕಿದ್ದೂ ಉಂಟು, ಗೊತ್ತೇ? 2013ರಲ್ಲಿ ಮಾಸ್ಕೋದ ಮೆಟ್ರೋ ನಿಲ್ದಾಣವೊಂದರಲ್ಲಿ ಒಂದು ಯಂತ್ರ ಇಟ್ಟರು. ಅದರ ಮುಂದೆ 30 ಬಸ್ಕಿ ಹೊಡೆಯಿರಿ, ಪುಕ್ಕಟೆ ಹೋಗಿ! 2020ರ ಫೆಬ್ರುವರಿಯಲ್ಲಿ ಅಂಥದ್ದೇ ಯಂತ್ರ ದೆಹಲಿಯ ಆನಂದ ವಿಹಾರ ರೈಲು ನಿಲ್ದಾಣಕ್ಕೂ ಬಂತು. ಮೂರು ನಿಮಿಷದಲ್ಲಿ 30 ಬಸ್ಕಿ, ಪ್ಲಾಟ್‌ಫಾರಂ ಟಿಕೆಟ್ ಉಚಿತ. ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರು ನನ್ನಿಂದ ಹೊಡೆಸಿದ ಬಸ್ಕಿಗಳ ಲೆಕ್ಕ ಹಿಡಿದರೆ ನಾನು ಕಾಶಿಗೆ ಹೋಗಿ ಬರಬಹುದಿತ್ತು!

ಇಡೀ ಊರೇ ಪಥ್ಯ ಹಿಡಿದದ್ದೂ ಉಂಟು. ಅಮೆರಿಕದ ಓಕ್ಲಹೋಮ ಸಿಟಿಯ ಮೇಯರ್ ಮಿಕ್ ಕಾರ್ನೆಟ್ 2007ರ ಕೊನೆಯ ದಿನ ಮೃಗಾಲಯಕ್ಕೆ ಹೋದರು. ಆನೆಗಳ ಮುಂದೆ ನಿಂತರು. 'ಈ ಊರು ಹತ್ತು ಲಕ್ಷ ಪೌಂಡ್ ಇಳಿಸಬೇಕು' ಎಂದು ಘೋಷಿಸಿದರು. ಜನ ಹೆಸರು ಬರೆಸಿ, ಇಳಿಸಿದ ತೂಕದ ಲೆಕ್ಕ ಕೊಡುತ್ತಾ ಹೋದರು. 2012ರ ಜನವರಿಯಲ್ಲಿ ಲೆಕ್ಕ ಭರ್ತಿ! ನಾಲ್ಕೂವರೆ ಲಕ್ಷ ಕಿಲೋಗೂ ಹೆಚ್ಚು. ಆನೆಗಳು ಮಾತ್ರ ಹಾಗೇ ಇದ್ದವು.

ಹಾಗೆ ಇಳಿದ ಕೊಬ್ಬು ಹೋಗುವುದೆಲ್ಲಿಗೆ? ಬೆವರಿನಲ್ಲಿ ಎಂದಿರಾ? ಅಲ್ಲ, ಮೂಗಿನಿಂದ! ಹತ್ತು ಕಿಲೋ ಕೊಬ್ಬು ಕರಗಿತೆನ್ನಿ. ಅದರಲ್ಲಿ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಲ್ಲಿ ಹೊರಗೆ ಹೋಗುತ್ತದೆ. ಉಳಿದ 1.6 ಕಿಲೋ ನೀರಾಗುತ್ತದೆ. 2014ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಈ ಲೆಕ್ಕ ಬಿಡಿಸಿಟ್ಟರು. ಹಾಗಂತ ಕುರ್ಚಿಯಲ್ಲಿ ಕೂತು ಬುಸುಬುಸು ಉಸಿರು ಬಿಟ್ಟರೆ ಇಳಿಯುವುದಿಲ್ಲ, ನೆನಪಿರಲಿ!

ಡಾಕ್ಟರು 'ನಿಮ್ಮ ಬಿಎಂಐ ಎಷ್ಟು?' ಎನ್ನುತ್ತಾರಲ್ಲ, ಎತ್ತರಕ್ಕೆ ತೂಕ ತಾಳೆ ನೋಡುವ ಆ ಲೆಕ್ಕ ಕಂಡುಹಿಡಿದವರು ಡಾಕ್ಟರೇ ಅಲ್ಲ! ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಗಣಿತಜ್ಞ, ಜೊತೆಗೆ ನಕ್ಷತ್ರ ನೋಡುವವ. 1830ರ ದಶಕದಲ್ಲಿ ಅವನು ಹುಡುಕುತ್ತಿದ್ದದ್ದು 'ಸರಾಸರಿ ಮನುಷ್ಯ'ನನ್ನು. ದಪ್ಪಗಿರುವವರನ್ನು ಅಲ್ಲವೇ ಅಲ್ಲ. ಅವನ ಸೂತ್ರಕ್ಕೆ ಬಿಎಂಐ ಎಂಬ ಹೆಸರು ಬಿದ್ದದ್ದು 1972ರಲ್ಲಿ.

ಇನ್ನೊಂದು ಸೋಜಿಗ. ಅದೇ ಎತ್ತರ, ಅದೇ ತೂಕ. ಲಂಡನ್ನಿನ ಬಿಳಿಯರಾದರೆ 'ಸರಿಯಾಗಿದ್ದೀರಿ', ಬೆಂಗಳೂರಿನವರಾದರೆ 'ಜಾಸ್ತಿಯಾಯ್ತು'! ಅವರಿಗೆ ಬಿಎಂಐ ಗೆರೆ 25, ನಮ್ಮ ವೈದ್ಯರು ಭಾರತೀಯರಿಗೆ ಹಾಕಿಕೊಂಡ ಗೆರೆ 23. ನಮಗೆ ಕೊಬ್ಬು ಬೇಗ ಹೊಟ್ಟೆಯ ಸುತ್ತ ಕೂರುತ್ತದೆ, ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆ ಬರುತ್ತದೆ, ಅದಕ್ಕೇ.

ಜಪಾನಿನಲ್ಲಿ ಸರ್ಕಾರವೇ ಟೇಪು ಹಿಡಿದು ಸೊಂಟ ಅಳೆಸುತ್ತದೆ! 2008ರಿಂದ 40 ದಾಟಿದವರಿಗೆ, 74ರವರೆಗೆ, ವರ್ಷಕ್ಕೊಮ್ಮೆ ತಪಾಸಣೆ. ಗಂಡಸರಿಗೆ 85 ಸೆಂಟಿಮೀಟರ್, ಹೆಂಗಸರಿಗೆ 90. ದಾಟಿದರೆ ಜೈಲಿಲ್ಲ, ಜುಲ್ಮಾನೆಯೂ ಇಲ್ಲ, ಬುದ್ಧಿಮಾತು ಅಷ್ಟೇ. ಗುರಿ ಮುಟ್ಟದಿದ್ದರೆ ಬರೆ ಬೀಳುವುದು ವಿಮೆಯ ಹೊಣೆ ಹೊತ್ತವರಿಗೆ! ಈಗ ಇನ್ನೊಮ್ಮೆ ಓದಿ: ಹೆಂಗಸರ ಗೆರೆ ಗಂಡಸರದಕ್ಕಿಂತ ದೊಡ್ಡದು! ನಮ್ಮಲ್ಲಿ ಗಂಡಸರಿಗೆ 90, ಹೆಂಗಸರಿಗೆ 80. ಇಬ್ಬರೂ ಟೇಪು ಹಿಡಿದದ್ದು ಸೊಂಟಕ್ಕೇ, ಉತ್ತರ ಮಾತ್ರ ತಿರುವುಮುರುವು!

ಪಥ್ಯದ ಮೊದಲ ಜನಪ್ರಿಯ ಪುಸ್ತಕ ಬರೆದವರಲ್ಲಿ ಒಬ್ಬ ಯಾರು ಗೊತ್ತೇ? ಹೆಣದ ಪೆಟ್ಟಿಗೆ ಮಾಡಿಸುವವ! ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ದೊಡ್ಡವರ ಶವಸಂಸ್ಕಾರದ ಏರ್ಪಾಡು ನೋಡಿಕೊಳ್ಳುತ್ತಿದ್ದ. ಬಗ್ಗಿ ಬೂಟಿನ ದಾರ ಕಟ್ಟಲಾಗದು. ಮೆಟ್ಟಿಲು ಇಳಿಯುವುದು ಹಿಮ್ಮುಖವಾಗಿ! ಬ್ರೆಡ್ಡು, ಸಕ್ಕರೆ, ಬಿಯರು, ಆಲೂಗಡ್ಡೆ ಬಿಟ್ಟ. ಇಳಿದ. 1863ರಲ್ಲಿ ಕಿರುಹೊತ್ತಗೆ ಅಚ್ಚು ಹಾಕಿಸಿ ಹಂಚಿದ. ಸ್ವೀಡನ್ನಿನಲ್ಲಿ ಇವತ್ತಿಗೂ ಪಥ್ಯ ಮಾಡುವುದಕ್ಕೆ 'ಬಾಂಟಾ' ಎನ್ನುತ್ತಾರೆ. ಪೆಟ್ಟಿಗೆಯವನ ಹೆಸರು ಕ್ರಿಯಾಪದವಾಯಿತು!

ಕ್ಯಾಲೊರಿ ಎಣಿಸುವ ಚಟ ಹರಡಿದ್ದಕ್ಕೆ ಯುದ್ಧವೂ ಕಾರಣ. 1918ರಲ್ಲಿ ಅಮೆರಿಕದ ಡಾಕ್ಟರ್ ಲೂಲು ಹಂಟ್ ಪೀಟರ್ಸ್ ಬರೆದ ಪುಸ್ತಕ ದೋಸೆಯಂತೆ ಖರ್ಚಾಯಿತು. ಅಲ್ಲಿನ ಸರ್ಕಾರ ಆಗ 'ಆಹಾರ ಉಳಿಸಿ, ಯುದ್ಧ ಗೆಲ್ಲಿ' ಎನ್ನುತ್ತಿತ್ತು. ಮೈಯಲ್ಲಿ ಕೊಬ್ಬು ಕೂಡಿಡುವುದೂ ಕಾಳಸಂತೆಯವರು ಧಾನ್ಯ ಕೂಡಿಟ್ಟಂತೆಯೇ ಎಂದು ಆಕೆ ಸೇರಿಸಿದರು. ಹೊಟ್ಟೆ ಬಂದರೆ ದೇಶದ್ರೋಹ!

ಅದೇ 1918. ನಮ್ಮ ಪಕ್ಕದ ನೀಲಗಿರಿಯ ಕೂನೂರು. ರಾಬರ್ಟ್ ಮೆಕ್ಯಾರಿಸನ್ ಎಂಬ ಡಾಕ್ಟರು ಒಂದೇ ಒಂದು ಕೋಣೆಯಲ್ಲಿ ಬೆರಿಬೆರಿ ಕಾಯಿಲೆಯ ಅಧ್ಯಯನ ಶುರುಮಾಡಿದರು. ಆ ಕೋಣೆಯೇ ಬೆಳೆದು ಬೆಳೆದು ಇವತ್ತಿನ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. ದಿನಕ್ಕೆ ಇಷ್ಟು ಎಣ್ಣೆ, ಇಷ್ಟು ಕಾಳು ಎಂದು ದೇಶಕ್ಕೇ ಹೇಳುವುದು ಅದೇ!

ಮೆಕ್ಯಾರಿಸನ್ನರ ಇಲಿಗಳ ಕಥೆ ಕೇಳಿದರೆ ನಿಮಗೆ ನಗು ತಡೆಯದು. ಒಂದು ಪಂಗಡದ ಇಲಿಗಳಿಗೆ ಸಿಖ್ಖರ ಊಟ: ಗೋಧಿ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ಸೊಪ್ಪು. ಇನ್ನೊಂದಕ್ಕೆ ಪಠಾಣರ ಊಟ. ಮತ್ತೊಂದಕ್ಕೆ ಮರಾಠರದ್ದು. ಬಂಗಾಳಿ ಇಲಿ, ಮದ್ರಾಸಿ ಇಲಿ... ಇದ್ದೇ ಇತ್ತು ನೋಡಿ, ಕನ್ನಡದ ಇಲಿ! ಪಟ್ಟಿಯಲ್ಲಿ 'ಕೆನರೀಸ್' ಎಂದೇ ಹೆಸರು. ಕೊನೆಗೆ ತೂಗಿದರು. ಸಿಖ್ ಊಟದ ಇಲಿ ಸರಾಸರಿ 235 ಗ್ರಾಂ. ಅಕ್ಕಿಯೇ ಹೆಚ್ಚಿದ್ದ ಮದ್ರಾಸಿ ಊಟದ ಇಲಿ 155. ನಮ್ಮ ಕನ್ನಡದ ಇಲಿ 185, ನಡುವಿನಲ್ಲಿ! ಆಗಿನ ಚಿಂತೆ ತೂಕ ಏರುವುದಲ್ಲ, ಏರದಿರುವುದು. ಆದ್ದರಿಂದ ದಪ್ಪ ಇಲಿಗೇ ಬಹುಮಾನ. ಇವತ್ತು ಮಾಡಿದ್ದರೆ ಅದಕ್ಕೂ ಬೆಳಗಿನ ವಾಕಿಂಗ್ ಬರೆದುಕೊಡುತ್ತಿದ್ದರೇನೋ!

ಬಡ ಇಂಗ್ಲಿಷರ ಊಟ ಕೊಟ್ಟ ಇಲಿಗಳದ್ದಂತೂ ಭಯಂಕರ. ಬಿಳಿ ಬ್ರೆಡ್ಡು, ಮಾರ್ಗರಿನ್, ಸಕ್ಕರೆ ಚಹಾ, ಡಬ್ಬಿ ಮಾಂಸ. ಅವು ಬೆಳೆಯಲಿಲ್ಲ. ನೋಡಿಕೊಳ್ಳುವವರನ್ನೇ ಕಚ್ಚಿದವು. ಅರವತ್ತನೇ ದಿನದ ಹೊತ್ತಿಗೆ ಒಂದನ್ನೊಂದು ತಿನ್ನತೊಡಗಿದವು!

ಬೆಣ್ಣೆಗೆ ತೆರಿಗೆ ಹಾಕಿದ ದೇಶ ಗೊತ್ತೇ? ಡೆನ್ಮಾರ್ಕ್. ಬೆಣ್ಣೆಗೇ ಹೆಸರಾದ ನಾಡು! 2011ರ ಅಕ್ಟೋಬರಿನಿಂದ ಬೆಣ್ಣೆ, ಚೀಸ್, ಮಾಂಸ ಎಲ್ಲಕ್ಕೂ ಅದರಲ್ಲಿನ ಸ್ಯಾಚುರೇಟೆಡ್ ಕೊಬ್ಬಿನ ಲೆಕ್ಕದಲ್ಲಿ ತೆರಿಗೆ. ಜನ ಏನು ಮಾಡಿದರು? ಗಡಿ ದಾಟಿ ಜರ್ಮನಿಯಲ್ಲಿ ಕೊಂಡರು! ಕಾಸರಗೋಡಿನವರು ಪೆಟ್ರೋಲಿಗೆ ತಲಪಾಡಿಗೆ ಬರುತ್ತಾರಲ್ಲ, ಹಾಗೆ. ಹದಿನೈದು ತಿಂಗಳಿಗೇ ತೆರಿಗೆ ಕರಗಿತು, ಬೆಣ್ಣೆಗಿಂತ ಬೇಗ!

ಹಾಗಂತ ಡೆನ್ಮಾರ್ಕನ್ನು ಕಡೆಗಣಿಸಬೇಡಿ. ಕಾರ್ಖಾನೆಯ ಟ್ರಾನ್ಸ್ ಕೊಬ್ಬಿಗೆ ಜಗತ್ತಿನಲ್ಲೇ ಮೊದಲು ಮೂಗುದಾರ ಹಾಕಿದ್ದು ಅದೇ, 2003ರಲ್ಲಿ. ಶೇ 2ಕ್ಕಿಂತ ಹೆಚ್ಚು ಕೂಡದು. ನಮ್ಮ ವನಸ್ಪತಿಗೂ ಆ ಶೇ 2ರ ಗೆರೆ ಬಿತ್ತು. ಯಾವಾಗ? 2022ರ ಜನವರಿಯಲ್ಲಿ. ಬೇಕರಿ ಪಫ್‌ನ ಜಿಡ್ಡು ನಾಲಿಗೆಯ ಮೇಲೆ ಮೇಣದಂತೆ ಕೂರುತ್ತಿದ್ದ ಕಾಲ ನೆನಪಿದೆಯೇ?

ಟರ್ಕಿ ಕೋಳಿಯ ಬಾಲಕ್ಕೂ ವಿಶ್ವ ವ್ಯಾಪಾರ ಸಂಸ್ಥೆಗೂ ಎತ್ತಣಿಂದೆತ್ತ ಸಂಬಂಧ? ಇದೆ! ಅಮೆರಿಕದವರು ತಿನ್ನದೆ ಬಿಡುವ ಈ ಕೊಬ್ಬಿನ ಬಾಲ ಹಡಗು ಹತ್ತಿ ಸಮೋವಾ ದ್ವೀಪಕ್ಕೆ ಹೋಗುತ್ತಿತ್ತು. ಜನ ದಪ್ಪಗಾದರು. 2007ರಲ್ಲಿ ಸಮೋವಾ ಅದನ್ನು ನಿಷೇಧಿಸಿತು. ಆಮೇಲೆ ವಿಶ್ವ ವ್ಯಾಪಾರ ಸಂಸ್ಥೆ ಸೇರಲು ಹೋದರೆ, 'ಮೊದಲು ಬಾಲದ ನಿಷೇಧ ತೆಗೆಯಿರಿ' ಎಂಬ ಷರತ್ತು. ತೆಗೆದರು. ಬಾಲ ಗೆದ್ದಿತು!

ಹುಲಿ ಸೋತ ಕಥೆಯೂ ಇದೆ. ಸಕ್ಕರೆ ಲೇಪಿಸಿದ ಕಾರ್ನ್‌ಫ್ಲೇಕ್ಸ್ ಡಬ್ಬದ ಮೇಲೆ ಕುಣಿಯುವ ಟೋನಿ ಹುಲಿ ಚಿಲಿ ದೇಶದಲ್ಲಿ ಮಾಯ! 2016ರ ಕಾನೂನು ಅಲ್ಲಿ ಸಕ್ಕರೆ ಹೆಚ್ಚಿರುವ ತಿಂಡಿಯ ಮೇಲಿಂದ ಕಾರ್ಟೂನು ಪ್ರಾಣಿಗಳನ್ನೆಲ್ಲ ಓಡಿಸಿತು. ಬದಲಿಗೆ ಬಂದದ್ದು ಎಂಟು ಮೂಲೆಯ ಕಪ್ಪು ಮುದ್ರೆ. ಓದು ಬಾರದ ಮಗುವಿಗೂ ಅರ್ಥವಾಗುತ್ತದೆ.

ಸ್ಕಾಟ್ಲೆಂಡಿನವರಿಗೆ ಐರ್ನ್ ಬ್ರೂ ಎಂಬ ಕಿತ್ತಳೆ ಬಣ್ಣದ ಸೋಡಾ ಅಂದರೆ ಪ್ರಾಣ. 2018ರ ಏಪ್ರಿಲಿನಿಂದ ಬ್ರಿಟನ್ನಿನಲ್ಲಿ ಸಕ್ಕರೆ ಪಾನೀಯಕ್ಕೆ ತೆರಿಗೆ ಎಂದಾಯಿತು. 100 ಮಿಲಿಲೀಟರಿಗೆ 5 ಗ್ರಾಂ ಸಕ್ಕರೆ ಮುಟ್ಟಿದರೆ ತೆರಿಗೆ. ಕಂಪನಿ ಸಕ್ಕರೆಯನ್ನು ಅರ್ಧಕ್ಕೂ ಕೆಳಗಿಳಿಸಿ 4.7ಕ್ಕೆ ತಂದಿತು! ಅಭಿಮಾನಿಗಳು ಹಳೆಯ ಬಾಟಲಿಗಳನ್ನು ಪೆಟ್ಟಿಗೆಗಟ್ಟಲೆ ಅಟ್ಟಕ್ಕೇರಿಸಿದರು. ತೆರಿಗೆಯ ಹೆಸರು ಕೇಳಿಯೇ ಸಕ್ಕರೆ ಓಡಿತ್ತು, ನೋಡಿ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಮಾರಿಷಸ್! ಅಲ್ಲಿ ಸರ್ಕಾರ ರೇಷನ್ನಿನಲ್ಲಿ ಕೊಡುತ್ತಿದ್ದ ಅಡುಗೆ ಎಣ್ಣೆ ಬಹುಪಾಲು ತಾಳೆ ಎಣ್ಣೆ. 1987ರಲ್ಲಿ ಅದನ್ನು ಸೋಯಾ ಎಣ್ಣೆಗೆ ಬದಲಿಸಿದರು. ಜನರದ್ದು ಅದೇ ಬಾಣಲೆ, ಅದೇ ಒಗ್ಗರಣೆ. ಐದು ವರ್ಷ ಬಿಟ್ಟು ರಕ್ತ ಪರೀಕ್ಷೆ ಮಾಡಿದರೆ ದೇಶದ ಸರಾಸರಿ ಕೊಲೆಸ್ಟರಾಲ್ ಸುಮಾರು ಶೇ 15 ಇಳಿದಿತ್ತು! ಆದರೆ ತೂಕ ಇಳಿದಿರಲಿಲ್ಲ. ಎಣ್ಣೆ ಯಾವುದಾದರೂ ಕ್ಯಾಲೊರಿ ಅಷ್ಟೇ ತಾನೆ!

ಕ್ಯೂಬಾದಲ್ಲಿ ಮಾತ್ರ ಇಡೀ ದೇಶದ ತೂಕವೇ ಇಳಿಯಿತು. ಸೋವಿಯತ್ ಒಕ್ಕೂಟ ಬಿದ್ದ ಮೇಲೆ ಊಟಕ್ಕೂ ಪೆಟ್ರೋಲಿಗೂ ತತ್ವಾರ. ಸರ್ಕಾರ ಚೀನಾದಿಂದ ಹತ್ತು ಲಕ್ಷಕ್ಕೂ ಹೆಚ್ಚು ಸೈಕಲ್ ತರಿಸಿತು. ಜನ ಸರಾಸರಿ ನಾಲ್ಕೈದು ಕಿಲೋ ಇಳಿದರು, ಸಕ್ಕರೆ ಕಾಯಿಲೆಯ ಸಾವೂ ಇಳಿಯಿತು. ಆದರೆ ಇದು ಪಥ್ಯವಲ್ಲ, ಬರ. ವಿಟಮಿನ್ ಇಲ್ಲದೆ ಸಾವಿರಾರು ಜನರ ಕಣ್ಣು ಮಂಜಾದವು. ಇದಕ್ಕೆ ಆಶ್ಚರ್ಯಸೂಚಕ ಹಾಕಲು ಮನಸ್ಸು ಬಾರದು.

ಎಪ್ಪತ್ತು ವರ್ಷದ ಹಿಂದಿನ ಸಕ್ಕರೆ ರೇಷನ್ ಇವತ್ತಿನ ಮುದುಕರನ್ನು ಕಾಯುತ್ತದೆಯೇ? ಬ್ರಿಟನ್ನಿನಲ್ಲಿ ಯುದ್ಧಕಾಲದ ಸಕ್ಕರೆ ರೇಷನ್ ಮುಗಿದದ್ದು 1953ರ ಸೆಪ್ಟೆಂಬರಿನಲ್ಲಿ. ಮುಗಿದದ್ದೇ ತಡ, ಜನ ತಿನ್ನುವ ಸಕ್ಕರೆ ಹೆಚ್ಚುಕಡಿಮೆ ಇಮ್ಮಡಿ! ರೇಷನ್ ಇದ್ದಾಗ ಹೊಟ್ಟೆಯಲ್ಲಿದ್ದ, ಹುಟ್ಟಿದ ಕೂಸುಗಳನ್ನು ಆಮೇಲೆ ಹುಟ್ಟಿದವರ ಜೊತೆ ಹೋಲಿಸಿ 2024ರಲ್ಲಿ ಅಧ್ಯಯನವೊಂದು ಬಂತು. ಮೊದಲಿನವರಿಗೆ ಸಕ್ಕರೆ ಕಾಯಿಲೆಯ ಅಪಾಯ ಸುಮಾರು ಶೇ 35 ಕಡಿಮೆ. ಅಮ್ಮ ಸಪ್ಪೆ ಚಹಾ ಕುಡಿದದ್ದು ಮಗನಿಗೆ ಅರವತ್ತರಲ್ಲಿ ಕೈ ಹಿಡಿಯಿತು!

ನಮ್ಮ ಮನೆಗೆ ಬರೋಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಶೇ 30 ಮಂದಿಗೆ ತೂಕ ಜಾಸ್ತಿ. ಅದೇ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35 ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಒಂದೇ ರಾಜ್ಯ, ಕೆಲವೊಮ್ಮೆ ಒಂದೇ ಮನೆ! ಅಂದಹಾಗೆ, ಆ ಶೇ 30 ಎಣಿಸಿದ್ದು 25ರ ಗೆರೆ ಇಟ್ಟು. ನಮ್ಮ ವೈದ್ಯರ 23ರ ಗೆರೆ ಇಟ್ಟಿದ್ದರೆ?

ಬರ್ಗರಿಗೆ 'ಕೊಬ್ಬು ತೆರಿಗೆ' ಹಾಕಿದ ಮೊದಲ ಭಾರತೀಯ ರಾಜ್ಯ ಪಕ್ಕದ ಕೇರಳ. 2016ರಲ್ಲಿ, ಶೇ 14.5. ದೊಡ್ಡ ಬ್ರ್ಯಾಂಡಿನ ಹೋಟೆಲುಗಳ ಪಿಜ್ಜಾ, ಬರ್ಗರಿಗಷ್ಟೇ. ಬಾಳೆಕಾಯಿ ಚಿಪ್ಸಿಗೆ ಇಲ್ಲ! ಒಂದೇ ವರ್ಷಕ್ಕೆ ಜಿಎಸ್‌ಟಿ ಬಂದು ಅದನ್ನು ನುಂಗಿಹಾಕಿತು.

ಜಿಎಸ್‌ಟಿಯ ತಮಾಷೆ ನೋಡಿ. 2025ರ ಆಗಸ್ಟ್ 15ರಂದು ಪ್ರಧಾನಿ ಕೆಂಪುಕೋಟೆಯಿಂದ ಬೊಜ್ಜಿನ ಎಚ್ಚರಿಕೆ ಕೊಟ್ಟರು. ಅಡುಗೆಗೆ ಶೇ 10 ಎಣ್ಣೆ ಕಡಿಮೆ ಮಾಡಿ ಎಂದರು. ಸೆಪ್ಟೆಂಬರ್ 22ರಿಂದ ಹೊಸ ದರ ಬಂತು. ಕೋಲಾಗಳಿಗೆ ಶೇ 40. ಭೇಷ್! ಅದೇ ದಿನ ಬಿಸ್ಕತ್ತು, ಚಾಕೊಲೇಟು, ಐಸ್‌ಕ್ರೀಂ ಶೇ 18ರಿಂದ 5ಕ್ಕೆ ಇಳಿದವು. ಬಾಟಲಿಯ ಸಕ್ಕರೆ ಕೆಟ್ಟದ್ದು, ಪೊಟ್ಟಣದ ಸಕ್ಕರೆ ಒಳ್ಳೆಯದು, ಹಾಗೇನು?

ಕೊನೆಯದು ನಿಮ್ಮ ಅಡುಗೆಮನೆಯಲ್ಲೇ ಇದೆ. ಬಿಸ್ಕತ್ತಿನ ಪೊಟ್ಟಣ ತಿರುಗಿಸಿ. ಸೇರಿಸಿದ ಸಕ್ಕರೆ ದಿನದ ಪ್ರಮಾಣದ ಶೇ ಇಷ್ಟು ಎಂದು ಬರೆದಿರುತ್ತದಲ್ಲ? ಆ 'ದಿನದ ಪ್ರಮಾಣ' ನಮ್ಮ ನಿಯಮದಲ್ಲಿ 50 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 25 ಗ್ರಾಮಿಗೆ ಇಳಿಸಿದರೆ ಇನ್ನೂ ಒಳ್ಳೆಯದು ಎಂದು. ಆ ಲೆಕ್ಕ ಹಿಡಿದರೆ ಪೊಟ್ಟಣದ ಮೇಲಿನ ಶೇ 15 ನಿಮಗೆ ಶೇ 30! ಅದೂ 'ಒಂದು ಸರ್ವಿಂಗ್'ಗೆ. ಒಂದು ಸರ್ವಿಂಗ್ ಅಂದರೆ ಎಷ್ಟು ಬಿಸ್ಕತ್ತು? ಅದನ್ನು ತೀರ್ಮಾನಿಸುವುದು ನೀವಲ್ಲ, ಕಂಪನಿ! ಇವತ್ತು ಸಂಜೆ ಕಾಫಿಗೆ ಅದ್ದುವ ಮುಂಚೆ ಒಮ್ಮೆ ಓದಿ ನೋಡಿ. ಅಕ್ಷರ ಸಾಸಿವೆಕಾಳಿನಷ್ಟಿದೆ, ಕನ್ನಡಕ ಹಾಕಿಕೊಳ್ಳಿ!